ಜಗಳದ ಕ್ಲಾಸು

ದಾಕ್ಷಾಯಣಿ ಮೇಡಂ ಅವರಿಗೆ, ನಿಮ್ಮ ಹಳೇ ಊರು ಮಾಡ್ಬರಿಯಿಂದ ಬನಶಂಕರಿಯ ನಮಸ್ಕಾರಗಳು.

ಫೋನ್ ಇರುವಾಗ ಇವಳು ಕಾಗದ ಯಾಕೆ ಬರೀತಿದಾಳೆ ಅಂತ ಕೇಳ್ತೀರಿ. ಫೋನಿನಲ್ಲಾದರೆ ನಾನೊಬ್ಬಳೇ ಮಾತಾಡ್ತೀನಿ. ನೀವು ಪರ್ತ್‌ನಲ್ಲಿ ಕೂತು ಹ್ಞೂಂ ಹ್ಞೂಂ ಅಂತೀರಿ. ಇಟ್ಟ ಮೇಲೆ, ಇವರು ಏನೋ ಹೇಳಬೇಕು ಅಂತಿದ್ದರಲ್ಲ, ಏನದು ಅಂತ ನನಗೇ ಯೋಚನೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ನೀವೋ ಹೆಡ್ ಮಿಸ್ಟ್ರೆಸ್ ಆಗಿದ್ದವರು. ತಪ್ಪು ಕಂಡರೆ ಕೆಂಪು ಪೆನ್ನು ಹುಡುಕಬೇಡಿ, ಹಾಗೇ ಓದಿಕೊಂಡು ಹೋಗಿ.

ಕಳೆದ ಭಾನುವಾರ ಬಾಲಕೃಷ್ಣ ಮನೆಗೆ ಬಂದಿದ್ದ. ನಮ್ಮ ಕನ್ನಡ ಸಂಘದ ಅಧ್ಯಕ್ಷ ಈಗಲೂ ಅವನೇ. ಆ ಕುರ್ಚಿ ಬೇಕು ಅನ್ನುವವರು ಯಾರೂ ಇಲ್ಲ, ಅವನು ಬಿಡುವವನೂ ಅಲ್ಲ. ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. "ಆಂಟಿ, ನಿಮ್ಮ ಜಗಳದ ಕ್ಲಾಸು ಕಮಿಟಿಯಲ್ಲಿ ಪಾಸಾಯ್ತು. ನೀವೇ ಬಂದು ಶುರು ಮಾಡಿಸಬೇಕು" ಅಂದ. ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬಿದ್ದು ಬಿದ್ದು ನಕ್ಕಿದ್ದನಲ್ಲ, ಅದೇ ಬಾಲಕೃಷ್ಣ. ನೀವು ಇದನ್ನು ಓದಿ ಸಂತೋಷಪಡ್ತೀರಿ ಅಂತ ಗೊತ್ತು. ನನಗೆ ಆಗಲಿಲ್ಲ ಮೇಡಂ. ಮೈಸೂರು ಪಾಕು ಹಾಗೇ ಇಟ್ಟಿದ್ದೀನಿ. ಯಾಕೆ ಅಂತ ನಿಮಗೊಬ್ಬರಿಗೆ ಹೇಳಬೇಕು. ಅದಕ್ಕೆ ಮೊದಲು, ಆ ಯೋಚನೆ ನನ್ನ ತಲೆಗೆ ಬಂದದ್ದು ಹೇಗೆ ಅನ್ನುವುದನ್ನೂ ಹೇಳಬೇಕು. ಅಷ್ಟು ಹತ್ತಿರ ಇದ್ದರೂ ಅದನ್ನು ನಿಮಗೆ ಹೇಳಿರಲಿಲ್ಲ. ನಾಚಿಕೆ ಆಗಿತ್ತು.

ನಮ್ಮ ಇಂಚರಾ ಆಗ ಮೂರನೇ ಕ್ಲಾಸು. ಅಂಟು, ಬಣ್ಣ, ಇನ್ನೇನೇನೋ ಕಲಸಿ ಲೋಳೆ ಲೋಳೆಯಾಗಿ ಸ್ಲೈಮ್ ಅಂತ ಮಾಡ್ತಿದ್ದರಲ್ಲ ಮಕ್ಕಳು, ಹಾಗೆ ಒಂದು ಡಬ್ಬಿ ತುಂಬ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದಳು. ಏನೋ ಕೆಟ್ಟುಹೋಗಿದೆ ಅಂದುಕೊಂಡು ನಾನು ಕಸದ ಬುಟ್ಟಿಗೆ ಸುರಿದೆ. ಮಗು ಸ್ಕೂಲಿನಿಂದ ಬಂತು, ತೊಳೆದಿಟ್ಟ ಡಬ್ಬಿ ನೋಡಿತು, ನನ್ನ ಮುಖ ನೋಡಿತು. "ಓಕೆ ಅಜ್ಜಿ" ಅಂತು. ಅಷ್ಟೇ. ಒಳಗೆ ಹೋಗಿ ಅವರಮ್ಮನ ಹತ್ತಿರ ಇಂಗ್ಲಿಷಿನಲ್ಲಿ ಕಿರುಚಾಡಿತು ನೋಡಿ, ಬಾಗಿಲು ದಬ್ಬಿತು, ಮಂಚ ಒದೀತು. ಮಧುರಾ ಸಮಾಧಾನ ಮಾಡಿ ಮಾಡಿ ಸುಸ್ತಾದಳು. ನಾನು ಬಾಗಿಲ ಹೊರಗೆ ನಿಂತಿದ್ದೆ. ಅರ್ಥವಾದದ್ದು ಅಲ್ಲೊಂದು ಇಲ್ಲೊಂದು ಮಾತು. ಆದರೆ ಬೈತಿರೋದು ನನ್ನನ್ನು ಅಂತ ತಿಳಿಯಿತು.

ಬೈದಿದ್ದಕ್ಕೆ ಬೇಜಾರಾಗಲಿಲ್ಲ. ನನಗೆ ಬೈಯೋಕೆ ಅವರಮ್ಮನ ಹತ್ತಿರ ಹೋಯಿತಲ್ಲ, ಅದಕ್ಕೆ ಬೇಜಾರಾಯಿತು. ನನ್ನ ಹತ್ತಿರ ಆಡುವಷ್ಟು ಕನ್ನಡ ಅದಕ್ಕೆ ಇರಲಿಲ್ಲ. ಊಟ ಬೇಕು, ನೀರು ಬೇಕು, ಗುಡ್ ನೈಟ್ ಅಜ್ಜಿ, ಇಷ್ಟು ಇತ್ತು. ಹೋಟೆಲಿಗೆ ಹೋದವರು ಸರ್ವರ್ ಹತ್ತಿರ ಇದಕ್ಕಿಂತ ಜಾಸ್ತಿ ಮಾತಾಡ್ತಾರೆ. ಮೈಸೂರಿನಲ್ಲಿ ನಾನು ನಮ್ಮಜ್ಜಿ ಜೊತೆ ಆಡಿದ ಜಗಳ ಬೀದಿಗೆಲ್ಲ ಕೇಳಿಸ್ತಿತ್ತು. ಆಮೇಲೆ ಅವಳ ಸೆರಗು ಹೊದ್ದುಕೊಂಡೇ ಮಲಗ್ತಿದ್ದೆ. ಈ ಮಗು ನನ್ನ ಜೊತೆ ಒಂದು ಸಲ ನೆಟ್ಟಗೆ ಜಗಳ ಆಡಲಿ, ಆಗ ಇದು ನನ್ನ ಮೊಮ್ಮಗಳು ಅಂತ ಅವತ್ತು ಅನ್ನಿಸಿತು. ಅದೊಂದು ನನಗೆ ಬೇಕಾಗಿತ್ತು. ಬೇರೆ ಏನೂ ಬೇಕಾಗಿರಲಿಲ್ಲ.

ಆಮೇಲಿನದು ನಿಮಗೆ ಗೊತ್ತಿರುವುದೇ. ಶನಿವಾರದ ಕನ್ನಡ ಕ್ಲಾಸಿನಲ್ಲಿ ನೀವು ಕಾಗುಣಿತ ತಿದ್ದಿಸ್ತಿದ್ದಿರಿ. ಮಕ್ಕಳು ಗಡಿಯಾರ ನೋಡ್ತಿದ್ದವು. ನಾನು ಮೀಟಿಂಗಿಗೆ ಬಂದು, ಅರ್ಧ ಹೊತ್ತು ಅಕ್ಷರ ನಿಲ್ಲಿಸಿ, ಜಗಳ ಆಡೋಕೆ ಕಲಿಸಿ, ಬೇಕೇ ಬೇಕು ಅನ್ನೋ ರೋಷ ಬಂದರೆ ಮಾತು ತಾನಾಗಿ ಬರುತ್ತೆ ಅಂದೆ. ಬಾಲಕೃಷ್ಣ ನಕ್ಕ. ಆ ಅಹಲ್ಯಾ, ಶ್ರೇಯಸನ ತಾಯಿ, ಕನ್ನಡಕ ಮೇಲೇರಿಸಿ, "ನಮ್ಮ ಮಕ್ಕಳಿಗೆ ಬೈಗುಳ ಕಲಿಸ್ತೀರಾ ಆಂಟಿ?" ಅಂದಳು. ಬೈಗುಳ ಬೇರೆ, ಜಗಳ ಬೇರೆ ಅಂತ ಮೆಲ್ಲಗೆ ಹೇಳಬಹುದಿತ್ತು. ನಾನು, ನಿನ್ನ ಮಗ ನಿಮ್ಮತ್ತೆ ಜೊತೆ ಕೊನೇ ಸಲ ಮಾತಾಡಿದ್ದು ಯಾವಾಗ, ಹೇಳು ನೋಡೋಣ ಅಂದೆ. ಅಲ್ಲಿಗೆ ಮುಗಿಯಿತು. ಅವಳ ಕಣ್ಣಲ್ಲಿ ನೀರು. ನನ್ನ ಯೋಚನೆ ಹೋಯಿತು, ನನ್ನ ಬಾಯಿಯ ಮೇಲೆ ಮೀಟಿಂಗು ಶುರುವಾಯಿತು. ನೀವು ಎದ್ದು ನಿಂತು, ಕೊನೇ ಕಾಲು ಗಂಟೆ ಇದನ್ನು ಒಂದು ಆಟದ ಹಾಗೆ ಮಾಡಿ ನೋಡೋಣ, ಜವಾಬ್ದಾರಿ ನನ್ನದು ಅಂದಿರಿ. ನಾನು ಹೇಳಿದ್ದನ್ನೇ ನೀವು ಹೇಳಿದ್ದು. ನಿಮಗೆ ತಲೆ ಆಡಿಸಿದರು.

ಹಿಟ್ಟಿನ ಮಿಲ್ಲಿನಲ್ಲಿ ಬೆಳೆದವಳು ನಾನು. ಅಪ್ಪ ಹೋದ ಮೇಲೆ ಅಲ್ಲೇ ಕೂತೆ. ಆ ಸದ್ದಿನಲ್ಲಿ ಮೆಲ್ಲಗೆ ಮಾತಾಡಿದರೆ ರಾಗಿ ತಂದವಳಿಗೆ ಗೋಧಿ ಹಿಟ್ಟು ಹೋಗ್ತಿತ್ತು. ಮಿಲ್ಲು ನಿಂತು ಎಷ್ಟೋ ಕಾಲವಾಯಿತು, ಗಂಟಲು ಇನ್ನೂ ಅಲ್ಲೇ ಇದೆ.

ಆ ಕಾಲು ಗಂಟೆ ಜ್ಞಾಪಕ ಇದೆಯಾ ಮೇಡಂ? ಮಧ್ಯದಲ್ಲಿ ಒಂದು ಚೆಂಡೋ, ಬಿಸ್ಕತ್ತಿನ ಪ್ಯಾಕೆಟ್ಟೋ. ಅದು ತನ್ನದು ಅಂತ ಕನ್ನಡದಲ್ಲೇ ವಾದ ಮಾಡಬೇಕು, ಬಾಯಲ್ಲಿ ಇಂಗ್ಲಿಷು ಬಂದರೆ ಅದು ಎದುರಿನವರ ಪಾಲು. ಬಾಯಿ ಬಿಟ್ಟರೆ ಮುತ್ತು ಉದುರುತ್ತೆ ಅನ್ನೋ ಹಾಗೆ ಕೂರ್ತಿದ್ದ ಆ ಶ್ರೇಯಸ, "ಅದು ನಂದು ಕಣೋ, ಕೊಡೋ" ಅಂದ. "ಕೊಡಲ್ಲ, ಏನ್ ಮಾಡ್ತೀಯ?" "ನಮ್ಮಜ್ಜಿಗೆ ಹೇಳ್ತೀನಿ." "ಹೇಳ್ಕೋ ಹೋಗು, ನಿಮ್ಮಜ್ಜಿಗೆ ನಾನೇನ್ ಹೆದರ್ತೀನಾ?" ನೀವು ಸೀಮೆಸುಣ್ಣ ಕೈಯಲ್ಲಿ ಹಿಡಿದು ನಗ್ತಾ ಗೋಡೆಗೆ ಒರಗಿದಿರಿ. ಮುಂದಿನ ವಾರದಿಂದ ಮಕ್ಕಳು ಕ್ಲಾಸಿಗೆ ಓಡಿ ಬರೋಕೆ ಶುರು ಮಾಡಿದವು.

ಇಂಚರಾನೂ ಬೇರೆ ಮಕ್ಕಳ ಜೊತೆ ಚೆನ್ನಾಗಿಯೇ ಜಗಳ ಆಡ್ತಿದ್ದಳು. ನಾನು ಎದುರಿಗೆ ಕೂತು ಬಿಸ್ಕತ್ತು ಕಿತ್ತುಕೊಂಡರೆ ಮಾತ್ರ, "ತಗೋ ಅಜ್ಜಿ" ಅಂತ ಬಿಟ್ಟುಕೊಡ್ತಿದ್ದಳು. ಎಲ್ಲರೂ ಎಷ್ಟು ಒಳ್ಳೇ ಹುಡುಗಿ ಅಂದರು. ನಾನು ಇವತ್ತಲ್ಲ ನಾಳೆ ಅಂತ ಕಾದೆ.

ನಾಳೆ ಬರುವ ಮೊದಲು ರಾಜ್ಯೋತ್ಸವ ಬಂತು. ಪ್ರತಿ ವರ್ಷ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟದ್ದನ್ನು ಉರು ಹೊಡೆದು ಗಿಳಿಗಳ ಹಾಗೆ ಒಪ್ಪಿಸ್ತವೆ, ಈ ಸಲ ಬಿಡಿ, ಬರೆದುಕೊಡೋದೇ ಬೇಡ, ಮಿಕ್ಕ ಒಂದೇ ಹೋಳಿಗೆಗೆ ಸ್ಟೇಜಿನ ಮೇಲೆ ಜಗಳ ಆಡಲಿ ಅಂದವಳು ನಾನು. ನೀವು ಸ್ವಲ್ಪ ಹಿಂದೆ ಮುಂದೆ ನೋಡಿದಿರಿ. ನಾನು ಬಿಡಲಿಲ್ಲ. ಏನು ಕಳೆಕಟ್ಟಿತು ಮೊದಲು! ಜನ ಚಪ್ಪಾಳೆ ತಟ್ಟಿದರು. ಆಮೇಲೆ ನಿಜವಾಗಿಯೇ ಸಿಟ್ಟು ಏರಿ, ಶ್ರೇಯಸ ಬಾಲಕೃಷ್ಣನ ಮಗನಿಗೆ, "ನಿಮ್ಮಪ್ಪ ಜಿಪುಣ. ಎಲ್ಲರೂ ಅಡಿಗೆ ಮಾಡ್ಕೊಂಡು ಬಂದರೆ ನೀವು ಬರೀ ಪೇಪರ್ ಪ್ಲೇಟು ತರ್ತೀರಿ ಅಂತ ನಮ್ಮಮ್ಮ ಹೇಳ್ತಾಳೆ" ಅಂದುಬಿಟ್ಟ. ಮೈಕು ಬೇರೆ. ಒಂದು ಗಳಿಗೆ ನಗು. ಅಹಲ್ಯಾ ಎದ್ದು ಹೊರಗೆ ಹೋದಳು. ಬಾಲಕೃಷ್ಣ ಪರದೆ ಎಳೆಸಿದ. ಮನೆಯಲ್ಲಿ ಆಡಿದ ಮಾತೇ ಜಗಳದಲ್ಲಿ ಬರೋದು ಅನ್ನುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ ನೋಡಿ. ಕ್ಲಾಸು ನಿಂತಿತು. ಮುಂದೆ ನೋಡೋಣ ಅಂದರು.

ಆಮೇಲೆ ದೇವರಾಜನಿಗೆ ಪರ್ತ್‌ನಲ್ಲಿ ಕೆಲಸವಾಗಿ, ಮಗನ ಜೊತೆ ನೀವೂ ಹೊರಟಿರಿ. ಹೋಗುವಾಗ ನಮ್ಮ ಅಡಿಗೆಮನೆಯಲ್ಲಿ ನಿಂತು ಹೇಳಿದಿರಿ: "ಬನಶಂಕರಮ್ಮ, ನೀವು ಹೇಳೋದು ಸರಿಯೇ ಇರುತ್ತೆ. ಆದರೆ ನೀವು ಹೇಳಿ ಮುಗಿಸಿದ ಮೇಲೆ ಇನ್ನೊಬ್ಬರಿಗೆ ಹೇಳೋಕೆ ಜಾಗವೇ ಇರಲ್ಲ." ನನಗೆ ಉರಿದುಹೋಯಿತು. ಎಲ್ಲರ ಹಾಗೆ ಇವರೂ ಅಂದುಕೊಂಡು ಎಷ್ಟೋ ದಿನ ನಿಮಗೆ ಫೋನೇ ಮಾಡಲಿಲ್ಲ. ಅಲ್ಲಿನ ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟದ ಫೋಟೋ ನೀವೇ ಕಳಿಸಿದಿರಿ, ಆಗ ಮಾತು ಶುರುವಾಯಿತು.

ಕ್ಲಾಸು ನಿಂತ ಅವತ್ತಿನಿಂದ ಪ್ರತಿ ವರ್ಷ ಮೀಟಿಂಗಿನಲ್ಲಿ, ಅದನ್ನು ಮತ್ತೆ ಶುರು ಮಾಡಿ ಅಂತ ಕೇಳ್ತಾ ಬಂದೆ. ಬಂತಪ್ಪಾ ಜಗಳ ಆಂಟಿ ಅಂತ ಹಿಂದಿನ ಸಾಲಿನಲ್ಲಿ ಪಿಸುಗುಟ್ಟುವುದು ನನಗೂ ಕೇಳಿಸ್ತಿತ್ತು. ಈಗ ಹೇಗೆ ಪಾಸಾಯಿತು ಅಂತೀರಾ? ಬ್ರಿಸ್ಬೇನಿನ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಮಕ್ಕಳ ಭಾಷೆಯ ಮೇಲೆ ಸಂಶೋಧನೆ ಮಾಡೋ ಜ್ಯೋತ್ಸ್ನಾ ಅಂತ ಒಬ್ಬಳು ಜೂಮಿನಲ್ಲಿ ನಮ್ಮ ಸಂಘಕ್ಕೆ ಭಾಷಣ ಮಾಡಿದಳು. ಮನಸ್ಸು ಕಲಕಿದಾಗ ಆಡುವ ಭಾಷೆಯೇ ಮಕ್ಕಳಲ್ಲಿ ಉಳಿಯೋದು, ಬರೀ ಪಾಠದ ಭಾಷೆ ಉಳಿಯಲ್ಲ ಅಂದಳು. ಒಳ್ಳೇ ಹುಡುಗಿ, ತಿಳಿಯೋ ಹಾಗೆ ಹೇಳಿದಳು. ಎಲ್ಲರೂ ಹೌದು ಹೌದು ಅಂದರು. ಈಗ ನಿಯಮ ಮಾಡಿದ್ದಾರೆ: ಜಗಳದ ವಿಷಯ ಮೊದಲೇ ಕೊಡ್ತಾರಂತೆ, ಮನೆ ವಿಷಯ ಎತ್ತೋ ಹಾಗಿಲ್ಲವಂತೆ, ಕೊನೆಗೆ ಕೈ ಕುಲುಕಿ ಧನ್ಯವಾದ ಹೇಳಬೇಕಂತೆ. ಧನ್ಯವಾದ ಹೇಳಿ ಮುಗಿಸೋ ಜಗಳ ನಾನು ಎಲ್ಲೂ ಕಂಡಿಲ್ಲ. ಬೇರೆ ದಿನವಾಗಿದ್ದರೆ ಬಾಲಕೃಷ್ಣನಿಗೆ ಮೈಸೂರು ಪಾಕಿನ ಸಮೇತ ದಾರಿ ತೋರಿಸ್ತಿದ್ದೆ. ಈ ಸಲ ಬಾಯಿ ಬರಲಿಲ್ಲ.

ಯಾಕೆ ಅಂದರೆ, ಫೆಬ್ರವರಿಯಲ್ಲಿ ನಡೆದದ್ದು ಇದು.

ಇಂಚರಾ ಓದೋಕೆ ಅದೇ ಸೇಂಟ್ ಲೂಸಿಯಾಗೆ ಹೊರಟಿದ್ದಳು. ಮನೆ ತುಂಬ ಸೂಟ್‌ಕೇಸು. ನಾನು ಚಟ್ನಿಪುಡಿ, ಉಪ್ಪಿನಕಾಯಿ, ಹುರಿಹಿಟ್ಟು ತುಂಬಿಸ್ತಾ ಇದ್ದೆ. ಜಾಗ ಸಾಲದು. ಅವಳದೊಂದು ಹಳೇ ಟೋಪಿ ಸ್ವೆಟರು, ತೋಳೆಲ್ಲ ಹರಿದು ಬಣ್ಣ ಹೋದದ್ದು, ಅದನ್ನು ತೆಗೆದೆ. ತೆಗೆದು ಇಡಲಿಲ್ಲ ಮೇಡಂ. ಕತ್ತರಿಸಿ ಒಲೆ ಒರೆಸೋ ಬಟ್ಟೆ ಮಾಡಿದೆ.

ಸಂಜೆ ಅಡಿಗೆಮನೆಗೆ ಬಂದಳು, ಆ ತುಂಡು ಕೈಯಲ್ಲಿ ಹಿಡಿದುಕೊಂಡು. ಓಕೆ ಅಜ್ಜಿ ಅನ್ನಲಿಲ್ಲ. ಅವರಮ್ಮನ ಹತ್ತಿರ ಹೋಗಲಿಲ್ಲ. ನನ್ನ ಎದುರಿಗೆ ನಿಂತು, ಕನ್ನಡದಲ್ಲಿ, "ಅಜ್ಜಿ, ಯಾಕೆ ಮಾಡಿದೆ? ಇದು ನಂದು. ನೀನು ನನ್ನ ಕೇಳಬೇಕಿತ್ತು. ಯಾವಾಗ್ಲೂ ಕೇಳಲ್ಲ. ನೀನು ಮಾತ್ರ ಮಾತಾಡೋದು. ನನಗೆ ಹೇಳೋಕೆ ಇರುತ್ತೆ, ನೀನು ಬಿಡಲ್ಲ" ಅಂದಳು. ಮಧ್ಯ ಮಧ್ಯ ಮಾತು ಸಿಗದೆ ನಿಂತು, ಹುಡುಕಿ, ಮತ್ತೆ ಹೇಳ್ತಿದ್ದಳು. ಆದರೆ ಇಂಗ್ಲಿಷಿಗೆ ಹೋಗಲಿಲ್ಲ. ಕೈ ಎತ್ತಿ, ಇರು, ಇನ್ನೂ ಇದೆ ಅನ್ನೋ ಹಾಗೆ ಬೆರಳು ತೋರಿಸ್ತಾ ಇದ್ದಳು.

ಅವಳು ಅಷ್ಟುದ್ದ ಇದ್ದಾಗಿನಿಂದ ನಾನು ಕಾದದ್ದು ಇದಕ್ಕೆ. ಇದಕ್ಕಾಗಿ ಊರವರ ಜೊತೆಯೆಲ್ಲ ಹೊಡೆದಾಡಿದೆ. ಅದು ನನ್ನ ಅಡಿಗೆಮನೆಗೇ ನಡೆದುಕೊಂಡು ಬಂದು ನಿಂತಿದೆ. ನಾನು ಏನು ಮಾಡಿದೆ ಗೊತ್ತಾ? ಸೌಟು ಕುಕ್ಕಿದೆ. ಒಂದು ಹರಕು ಬಟ್ಟೆಗೆ ಇಷ್ಟು ರಂಪಾನಾ, ನಿಮ್ಮಮ್ಮ ನೈಟ್ ಶಿಫ್ಟಿಗೆ ಹೋದಾಗ ನಿನ್ನನ್ನು ಎದೆ ಮೇಲೆ ಹಾಕಿಕೊಂಡು ಮಲಗಿಸಿದ್ದು ಯಾರು ಅಂತ ಶುರು ಮಾಡಿದೆ. ಅವಳು ಇನ್ನೂ ಮಾತು ಹುಡುಕ್ತಿದ್ದಳು. ಬೆರಳು ಎತ್ತಿದ್ದು ಎತ್ತಿದ ಹಾಗೇ ಇತ್ತು. ನಾನು ಹೇಳಿದೆ: "ಮೊದಲು ನೆಟ್ಟಗೆ ಕನ್ನಡ ಮಾತಾಡೋಕೆ ಕಲಿ. ಆಮೇಲೆ ನನ್ನ ಜೊತೆ ಜಗಳಕ್ಕೆ ಬಾ."

ಆ ಬೆರಳು ಕೆಳಗಿಳಿಯಿತು ಮೇಡಂ. ಬಟ್ಟೆಯ ತುಂಡನ್ನು ಮಡಿಸಿ ಒಲೆ ಪಕ್ಕ ಇಟ್ಟಳು. "ನೆವರ್ ಮೈಂಡ್, ಅಜ್ಜಿ" ಅಂದು ಹೋಗಿ ಸೂಟ್‌ಕೇಸಿನ ಜಿಪ್ಪು ಎಳೆದಳು. ಚಟ್ನಿಪುಡಿ ತೆಗೆದಿಡಲಿಲ್ಲ. ತೆಗೆದು ಎಸೆದಿದ್ದರೆ ನಾನು ಬದುಕಿಕೊಳ್ತಿದ್ದೆ.

ಜಗಳ ಗೆದ್ದೆ ಅನ್ನೋ ಹಮ್ಮು ರಾತ್ರಿ ಊಟದ ತನಕ ಇತ್ತು. ನೆಟ್ಟಗೆ ಬರದಿದ್ದರೂ ಆಡಲಿ, ಆಡ್ತಾ ಆಡ್ತಾ ನೆಟ್ಟಗಾಗುತ್ತೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಬಾಲಕೃಷ್ಣ ನಕ್ಕ, ಅಹಲ್ಯಾ ಮೂಗು ಮುರಿದಳು, ನಿಜ. ಆದರೆ ನನ್ನ ಮಾತನ್ನು ಒಂದು ಮಗು ಸತ್ಯ ಅಂತ ನಂಬಿ ಎದುರಿಗೆ ಬಂದು ನಿಂತಾಗ, ಅದನ್ನು ನಂಬದೇ ಹೋದವಳು ನಾನೊಬ್ಬಳೇ.

ಈಗ ಪ್ರತಿ ವಾರ ಬ್ರಿಸ್ಬೇನಿನಿಂದ ಫೋನ್ ಮಾಡ್ತಾಳೆ. ಊಟ ಆಯ್ತಾ ಅಜ್ಜಿ, ಮಾತ್ರೆ ತಗೊಂಡ್ರಾ ಅಂತ ಕೇಳ್ತಾಳೆ. ಫೆರಿಯಲ್ಲಿ ಹೋದೆ, ಮಳೆ ಬಂತು ಅಂತಾಳೆ. ಕನ್ನಡ ಸುಧಾರಿಸಿದೆ. ತುಂಬ ಮರ್ಯಾದೆಯಿಂದ ಮಾತಾಡ್ತಾಳೆ. ಮಧುರಾಗೆ ಖುಷಿ. ನಾನು ಫೋನಿಟ್ಟು ಹಿತ್ತಲಿಗೆ ಹೋಗಿ ಕೂರ್ತೀನಿ.

ಬಾಲಕೃಷ್ಣನಿಗೆ ಇವತ್ತು ಬೆಳಿಗ್ಗೆ ಹೇಳಿದೆ, ಶುರು ಮಾಡಿಸೋಕೆ ನಾನು ಬರಲ್ಲ, ಅಹಲ್ಯಾ ಮಾಡಲಿ ಅಂತ. ಸಿಟ್ಟಾಯ್ತಾ ಆಂಟಿ ಅಂದ. ಇಲ್ಲಪ್ಪ ಅಂದೆ. ನಂಬಲಿಲ್ಲ.

ಜುಲೈ ರಜೆಯಲ್ಲಿ ಮಧುರಾ ನನ್ನನ್ನು ಬ್ರಿಸ್ಬೇನಿಗೆ ಕರೆದುಕೊಂಡು ಹೋಗ್ತಾಳೆ. ಹೊಸ ಸ್ವೆಟರು ಕೊಡಿಸಿದರೆ ತೆಗೆದುಕೊಂಡು ಥ್ಯಾಂಕ್ಸ್ ಅಂತಾಳೆ, ಅದು ನನಗೆ ಬೇಡ. ಅವಳನ್ನು ಎದುರಿಗೆ ಕೂರಿಸಿಕೊಂಡು, ಅವತ್ತು ನೀನು ಹೇಳಬೇಕು ಅಂತಿದ್ದದ್ದು ಇನ್ನೂ ಇತ್ತಲ್ಲ, ಹೇಳು ಅನ್ನಬೇಕು ಅಂತಿದ್ದೀನಿ. ಹೇಳ್ತಾಳೋ ಇಲ್ಲವೋ ಗೊತ್ತಿಲ್ಲ. ಹೇಳಿದರೂ ಮಧ್ಯೆ ನಿಲ್ತಾಳೆ, ಹುಡುಕ್ತಾಳೆ. ನನಗೆ ಹೆದರಿಕೆ ಇರುವುದು ಆ ಗಳಿಗೆಯದೇ. ಅಷ್ಟು ವರ್ಷ ಪಾಠ ಹೇಳಿದವರು ನೀವು. ಒಂದು ಮಗು ಎದ್ದು ನಿಂತು ಮಾತಿಗೆ ತಡಕಾಡ್ತಿರುವಾಗ, ನಿಮಗೆ ಉತ್ತರ ಗೊತ್ತಿದ್ದೂ, ಬಾಯಿ ಮುಚ್ಚಿಕೊಂಡು ಹೇಗೆ ನಿಂತಿರ್ತಿದ್ದಿರಿ? ಕೈಯಲ್ಲಿ ಏನಾದರೂ ಹಿಡಿದುಕೊಳ್ತಿದ್ದಿರಾ? ಕಿಟಕಿ ಕಡೆ ನೋಡ್ತಿದ್ದಿರಾ? ಅದನ್ನು ನನಗೆ ಬರೆದು ಕಳಿಸಿ. ಜುಲೈಗೆ ಮೊದಲು ಕಲಿಯಬೇಕು.

ನಿಮ್ಮ ಮಂಡಿ ನೋವು ಕಡಿಮೆಯಾಗಲಿ, ದೇವರಾಜನ ಮನೆ ತಣ್ಣಗಿರಲಿ, ನಿಮ್ಮ ಮಾತು ಕೇಳುವವರು ಯಾವಾಗಲೂ ನಿಮ್ಮ ಹತ್ತಿರ ಇರಲಿ.

ಉತ್ತರ ಬರುವ ತನಕ ಫೋನ್ ಮಾಡುವುದಿಲ್ಲ,
ಬನಶಂಕರಿ