ಹಲಸೂರಿನ ಭೂಕಂಪಕ್ಕೆ ಕಾರಣವಾದ ಬೇರು

ತಾತ,

ಸರ್ಪಗಂಧದ ಪುಡಿ ಹುಡುಕಬೇಡ, ಡಬ್ಬಿ ನನ್ನ ಬ್ಯಾಗಿನಲ್ಲಿ ಕಾಲೇಜಿಗೆ ಹೊರಟಿದೆ. ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ಅವರ ಮೂಗುದನಿಯಲ್ಲೇ ಓದಿಕೋ: "ನಿಮ್ಮ ತಾತ ಮುನಿಆಂಜನಪ್ಪನೋರು ನುಂಗೋ ಮಾತ್ರೆನೂ ಬಿಪಿ ಇಳಿಸುತ್ತಮ್ಮ, ಆ ಬೇರೂ ಇಳಿಸುತ್ತೆ. ಎರಡೂ ಸೇರಿದ್ರೆ ತಲೆಗೆ ರಕ್ತ ಹತ್ತೋದು ಹೆಂಗೆ?"

ಅದಕ್ಕೇ ನಿನ್ನೆ ಪೂಜೆ ಮುಗಿಸಿ ಎದ್ದ ಕೂಡಲೇ ನಿನಗೆ ನೆಲ ಅಲ್ಲಾಡಿದಂತಾಗಿದ್ದು. "ಭೂಕಂಪ, ಎಲ್ರೂ ಈಚೆ ಬನ್ರೋ" ಅಂತ ಕೂಗಿ ಇಡೀ ವಠಾರವನ್ನು ಬೀದಿಗೆ ಇಳಿಸಿದೆಯಲ್ಲ, ಧನಲಕ್ಷ್ಮಿ ಅತ್ತೆ ಕುಕ್ಕರ್ ಸಮೇತ ಓಡಿಬಂದರು.

ತಿಂಡಿ ಆದಮೇಲೆ ಮಾತ್ರೆ ಮಾತ್ರ ತಗೋ. ಏಳುವಾಗ ನಿಧಾನ.

ನಾನು ಬಿದ್ದು ಬಿದ್ದು ನಕ್ಕಿದ್ದನ್ನು ಬೀದಿಯೆಲ್ಲ ನೋಡಿತು. ನೀನು ಮನೆಯೊಳಗೆ ಗೋಡೆ ಹಿಡಿದು ಕುಸಿದಾಗ ನಾನು ಅತ್ತಿದ್ದನ್ನು ನೋಡಿದವನು ನೀನೊಬ್ಬನೇ. ಅಜ್ಜಿಗೆ ಹೇಳಬೇಡ.

ಮೇಘಶ್ರೀ