ಅಕ್ಕನ ಕೋಣೆಯ ಕೊಳವೆ

ಮಾರ್ಚ್ 3
ಆಫೀಸಿನಲ್ಲಿ ಇವತ್ತೂ ಅದೇ. ಯಾವ ಕೋಣೆಗೆ ಎಷ್ಟು ಗಾಳಿ, ಅದನ್ನು ಒಯ್ಯುವ ತಗಡಿನ ಕೊಳವೆ, ಅಂದರೆ ಡಕ್ಟ್, ಎಷ್ಟು ದಪ್ಪ. ಸೈಜ್ ನೋಡುವ ರಟ್ಟಿನ ಚಕ್ರ ತಿರುಗಿಸುತ್ತಾ ಕೂತರೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ನಾನೇ ಗಾಳಿಯಾಗಿ ತಗಡಿನೊಳಗೆ ಸಾಗಿದಂತೆ... ದುಂಡು ಕೊಳವೆ ಗಾಳಿಗೆ ಇಷ್ಟ, ಮೂಲೆ ಬಂದರೆ ಕಷ್ಟ. ಪ್ರಾಸ ಬಂತು. ಸಂಬಳ ಏರಲಿಲ್ಲ.

ಮಧ್ಯಾಹ್ನ ಅಕ್ಕನ ಫೋನ್. ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಅವಳು ಟೀಚರ್. ಅಲ್ಲಿನ ರೆಕಾರ್ಡಿಂಗ್ ಕೋಣೆ ಸಿದ್ಧವಂತೆ. ಡಕ್ಟ್ ನನ್ನದೇ ಲೆಕ್ಕ. ಇಪ್ಪತ್ತೊಂದಕ್ಕೆ ಅವಳ ಗಂಟಲಿನ ಆಪರೇಷನ್. ಆಮೇಲೆ ದನಿ ಉಳಿಯುವುದು ಖಾತ್ರಿಯಿಲ್ಲ ಎಂದಿದ್ದಾರೆ ಡಾಕ್ಟರು. ಇಪ್ಪತ್ತು ವರ್ಷ ಮಕ್ಕಳಿಗೆ ಓದಿದ ಕಥೆಗಳನ್ನು ಅಷ್ಟರೊಳಗೆ ಓದಿಡಬೇಕಂತೆ.

ಮಾರ್ಚ್ 6
ಹೋಗಿದ್ದೆ. ಪುಟ್ಟ ಕೋಣೆ. ಗೋಡೆಗೆಲ್ಲ ಬೂದು ಬಟ್ಟೆ. ಆಡಿದ ಮಾತು ಹತ್ತಿಯೊಳಗೆ ಬಿದ್ದಂತೆ. ಡಕ್ಟಿನ ಫ್ಯಾನ್ ಹಾಕಿದರು. ಸ್‌ಸ್‌ಸ್... ರೆಕಾರ್ಡಿಂಗಿನವರು ಹೆಡ್‌ಫೋನ್ ತೆಗೆದು ನನ್ನ ಮುಖ ನೋಡಿದರು. ಆರಿಸಿದರೆ ಹತ್ತೇ ನಿಮಿಷಕ್ಕೆ ಅಕ್ಕನಿಗೆ ಉಬ್ಬಸ.

"ನಿನ್ನ ಗಾಳಿ ನನಗಿಂತ ಮುಂಚೆ ಕಥೆ ಶುರು ಮಾಡಿಬಿಡ್ತಲ್ಲೋ" ಎಂದಳು.

ಡಕ್ಟಿನ ತುದಿಗೆ ಹಾಕಿದ ಗ್ರಿಲ್ ಸರಿಯಿಲ್ಲ ಎಂದೆ. ಗ್ರಿಲ್‌ಗೆ ಬಾಯಿಲ್ಲ, ಒಪ್ಪಿಕೊಂಡಿತು.

ಮಾರ್ಚ್ 7
ಚಕ್ರ ತಿರುಗಿಸಿ ನೋಡಿದೆ. ಆಫೀಸಿನ ರೂಢಿ — ಮೀಟರಿಗೆ ಒಂದು ಪಾಸ್ಕಲ್ ತಿಕ್ಕಾಟ ಹಿಡಿ, ಬಂದ ಸೈಜ್ ಬರೆ, ಮುಂದಿನ ಕೋಣೆಗೆ ಹೋಗು. ನೂರರವತ್ತು ಮಿಲಿಮೀಟರ್ ಬಂದಿತ್ತು. ಬರೆದಿದ್ದೆ. ಅದರೊಳಗೆ ಗಾಳಿ ಸೆಕೆಂಡಿಗೆ ಮೂರು ಮೀಟರಿಗೂ ಮೇಲೆ ಓಡುತ್ತದೆ. ಉಗ್ರಾಣಕ್ಕಾದರೆ ಸರಿ. ಕಿವಿಗೊಟ್ಟು ಕೂರುವ ಕೋಣೆಗೆ ವೇಗವನ್ನೂ ನೋಡಬೇಕಿತ್ತು. ನೋಡಲಿಲ್ಲ. ಹತ್ತೊಂಬತ್ತು ವರ್ಷ ಪಳಗಿದ ಕೈ, ಕಣ್ಣನ್ನು ಕೇಳದೆಯೇ ಬರೆಯಿತು.

ಕೊಳವೆ ಕಿರಿದು, ಕೂಗು ಹಿರಿದು. ಇನ್ನೂರೈವತ್ತು ಬೇಕು, ವೇಗ ಅರ್ಧಕ್ಕೂ ಕೆಳಗೆ ಇಳಿಯುತ್ತದೆ.

ಯಾರಿಗೂ ಹೇಳಲಿಲ್ಲ.

ಮಾರ್ಚ್ 12
ಗ್ರಿಲ್ ಬದಲಾಯಿಸಿದ್ದಾಯಿತು. ಸದ್ದು ಹಾಗೇ ಇದೆ. ಅಕ್ಕ ಫ್ಯಾನ್ ಆರಿಸಿಕೊಂಡು ಹತ್ತು ಹತ್ತು ನಿಮಿಷ ಓದುತ್ತಿದ್ದಾಳೆ. ಐದು ದಿನಕ್ಕೆ ಒಂದೂವರೆ ಕಥೆ.

ಬೆಳಗಿನ ಜಾವದ ಕನಸು. ಕೊಳವೆಯ ಆ ತುದಿಗೆ ಅವಳು, ಈ ತುದಿಗೆ ನಾನು. ನಡುವೆ ಹಾಲಿನಂತೆ ನಿಧಾನ ಹರಿಯುವ ಬೆಳಕು. ಅವಳ ತುಟಿ ಆಡುತ್ತಿತ್ತು, ದನಿ ಕೇಳಿಸಲಿಲ್ಲ...

ಆಫೀಸಿಗೆ ಹೋದವನೇ ಸಾಹೇಬರಿಗೆ ಹೇಳಿಬಿಟ್ಟೆ — ತಪ್ಪು ಗ್ರಿಲ್ಲಿನದಲ್ಲ, ನನ್ನದು. ಬಹಳ ಹೊತ್ತು ಕನ್ನಡಕ ಒರೆಸಿದರು. ಇನ್ನೂರೈವತ್ತು ಬೀಮಿನ ಮೇಲೆ ಹಿಡಿಸುವುದಿಲ್ಲ, ಕೆಳಗೆ ತಂದರೆ ಹೊಸ ಕೋಣೆ ಅಸಹ್ಯ ಕಾಣುತ್ತದೆ, ಶಾಲೆಯವರು ಒಪ್ಪಿದರೆ ನೋಡೋಣ ಎಂದರು.

ಅಕ್ಕನಿಗೂ ಫೋನ್ ಮಾಡಿ ಹೇಳಿದೆ.

"ಗೊತ್ತಿದ್ದೂ ಐದು ದಿನ ಯಾಕೋ ಸುಮ್ಮನಿದ್ದೆ?"

ನಾಚಿಕೆಗೆ ಪ್ರಾಸವೂ ಹೊಳೆಯಲಿಲ್ಲ.

"ಹೋಗ್ಲಿ, ಹಾಕಿಸು. ಕಂಡ್ರೆ ಕಾಣ್ಲಿ. ಕೇಳೋ ಮಕ್ಕಳಿಗೆ ಅದು ಕಾಣಲ್ಲ. ಕೇಳಿಸದಿದ್ರೆ ಸಾಕು."

ಮಾರ್ಚ್ 16
ಶಾಲೆಯವರು ಒಪ್ಪಿದರು. ತಗಡಿನ ಮೇಸ್ತ್ರಿ ಕೊಳವೆ ತಂದರು. ಇಷ್ಟು ಪುಟ್ಟ ರೂಮಿಗೆ ಇಷ್ಟು ದಪ್ಪದ್ದೇ, ಇಲಿಗೆ ಆನೆಯ ಅಂಗಿ ಎಂದು ನಕ್ಕರು. ನಿಧಾನ ಹೋಗುವವರಿಗೆ ಅಗಲ ದಾರಿ ಬೇಕು ಎಂದೆ. ಮೇಸ್ತ್ರಿಯ ಮಾವನವರೂ ಹಾಗೆಂದೇ ಸೋಫಾ ಪೂರ್ತಿ ಹಿಡಿದಿದ್ದಾರಂತೆ. ಸಂಜೆಗೆ ಕೆಲಸ ಮುಗಿಯಿತು. ಬೀಮಿನ ಕೆಳಗೆ, ಅಡ್ಡಲಾಗಿ, ಮಲಗಿದ ಮೋಡದ ಹಾಗೆ.

ಮಾರ್ಚ್ 17. ಬೆಳಗ್ಗೆ 10
ಇನ್ನು ನಾಲ್ಕು ದಿನ, ಏಳು ಕಥೆ ಬಾಕಿ. ಕೋಣೆಯ ಮೂಲೆಯಲ್ಲೇ ಕೂತು ಬರೆಯುತ್ತಿದ್ದೇನೆ. ಫ್ಯಾನ್ ತಿರುಗುತ್ತಿದೆ — ಅಕ್ಕನ ಹಾಳೆಯ ಅಂಚು ಮೆಲ್ಲಗೆ ಏಳುತ್ತದೆ, ಬೀಳುತ್ತದೆ. ಸದ್ದಿಲ್ಲ. ನೀರಿನಡಿ ಕೂತಂತಿದೆ. ಅವಳಿಗೆ ಉಬ್ಬಸ ಬರಲಿಲ್ಲ.

ಗಾಜಿನಾಚೆ ರೆಕಾರ್ಡಿಂಗಿನವರು ಹೆಡ್‌ಫೋನ್ ಒತ್ತಿ ಹಿಡಿದು ಹುಬ್ಬು ಗಂಟಿಕ್ಕಿದರು. ಮೇಲೆ ನೋಡಿದೆ. ಡಕ್ಟ್ ಅಲ್ಲ. ಅವರು ತೋರಿಸುತ್ತಿರುವುದು ಹಾಳೆಯ ಮೇಲೆ ಪರಪರ ಎನ್ನುವ ನನ್ನ ಪೆನ್ನನ್ನು. ಅಕ್ಕ ತುಟಿಗೆ ಬೆರಳಿಟ್ಟು, ನಗು ತಡೆದು, ಉಸಿರು ತುಂಬಿಕೊಂಡು—