ಗಿಳಿಹಸಿರು ಬಣ್ಣದ ಸೈಕಲ್ಲು

ಆದೋನಿ
೪-೭-೧೯೮೩, ಸೋಮವಾರ

ಪ್ರೀತಿಯ ಸೊಸೆ ಮಹಾಂತಮ್ಮನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದ.

ಕೆಮ್ಮು ಹೋಯಿತೇ? ಕರ್ನೂಲಿನ ಹಾಸ್ಟೆಲ್ಲಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತೀಯೋ, ಇಲ್ಲ ಬರೀ ಓದುತ್ತೀಯೋ? ನಿಮ್ಮವ್ವ ಆರಾಮ ಇದ್ದಾಳೆ. ನಿನ್ನ ಅತ್ತೆ ನನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ.

ಈಗ ನೀನು ಒಪ್ಪಿಸಿದ ಕೆಲಸದ ಸುದ್ದಿ. ನಿಮ್ಮಪ್ಪ ತೀರಿಕೊಂಡಾಗಿನಿಂದ ಗೋಡೆಗೆ ಒರಗಿ ನಿಂತಿದ್ದ ವಿಲಾಯಿತಿ ಸೈಕಲ್ಲನ್ನು ಮಾರಿ, ಬಂದ ದುಡ್ಡಿಗೆ ಲೇಡೀಸ್ ಸೈಕಲ್ ತಂದಿಡಲು ನೀನು ಬರೆದಿದ್ದೆ. ಹದಿನೈದನೇ ತಾರೀಖು ನೀನು ಪೆದ್ದಕಡುಬೂರಿನಾಚೆಯ ಶಾಲೆಗೆ ಟೀಚರಾಗಿ ಸೇರಬೇಕು. ಬಸ್ಸಿಳಿದು ಮೂರು ಮೈಲಿ ದಾರಿ. ನಿಮ್ಮವ್ವನದು ಒಂದೇ ಹಟ: "ದಿನಾ ನಡಕೊಂತ ಹೋಗೋದಾದ್ರ ನೌಕರೀನ ಬ್ಯಾಡ." ಅಂದಮೇಲೆ ನಿನ್ನ ನೌಕರಿ ಈ ಸೈಕಲ್ಲಿನ ಮೇಲೇ ಕೂತಿದೆ. ಇಂಥ ಕೆಲಸಕ್ಕೆ ಇಡೀ ಆದೋನಿಯಲ್ಲಿ ನನ್ನಂಥವನು ಇನ್ನೊಬ್ಬನಿಲ್ಲ ಎಂದು ನಿನಗೆ ಗೊತ್ತಿದ್ದದ್ದು ಒಳ್ಳೆಯದಾಯಿತು.

ಆದರೆ ಕಾಲ ಕೆಟ್ಟಿದೆ ನೋಡು. ನಮ್ಮ ಕಾಲದಲ್ಲಿ ಮದುವೆಗೆ ವರ ಸೈಕಲ್ ಕೇಳುತ್ತಿದ್ದ. ಈಗಿನವನಿಗೆ ಲೂನಾ ಬೇಕು. ಹತ್ತಿ ದಲಾಲಿ ಮಾರೆಣ್ಣನ ಮಗನಿಗೆ ತೋರಿಸಿದರೆ, ಎತ್ತಿ ನೋಡಿ, "ಮಾಮಾ, ಇದಕ್ಕ ಎಷ್ಟು ಜೋಡಿ ಎತ್ತು ಹೂಡಬೇಕು?" ಎಂದ. ಇನ್ನೊಬ್ಬ ಅದರ ಭಾರ ನೋಡಿ, "ಇಂತ ಬರುವಾ!" ಎಂದು ತೆಲುಗಿನಲ್ಲಿ ಉಸಿರುಬಿಟ್ಟು ಹೋದ. ನಾನು ಬಿಡುತ್ತೇನೆಯೇ? ಎತ್ತು ಮಾರುವವರು ಕೊಂಬು ಹೆರೆದು, ಬಣ್ಣ ಹಚ್ಚಿ ಸಂತೆಗೆ ಒಯ್ಯುವುದಿಲ್ಲವೇ? ಕಾರಹುಣ್ಣಿಮೆಗೆ ಕೊಂಬಿಗೆ ಬಳಿದು ಉಳಿದ ಗಿಳಿಹಸಿರು ಬಣ್ಣ ಮನೆಯಲ್ಲೇ ಇತ್ತು. ಕರೀ ಬಣ್ಣವನ್ನೆಲ್ಲ ಉಜ್ಜಿ ತೆಗೆದು, ಎರಡು ಕೈ ಹಸಿರು ಬಳಿದೆ. ಹ್ಯಾಂಡಲ್ಲಿಗೆ ಕೆಂಪು ಗೊಂಡೆ ಕಟ್ಟಿದೆ. ಮದುವಣಗಿತ್ತಿಯ ಕಳೆ ಬಂತು!

ಮರುದಿನವೇ ಸೇತುಮಾಧವರಾಯರು ಬಂದರು. ಹೈದರಾಬಾದಿನಲ್ಲಿ ಎಂಜಿನಿಯರು, ಮಂತ್ರಾಲಯಕ್ಕೆ ಬಂದವರು. ಹಳೆಯ ವಿಲಾಯಿತಿ ಸೈಕಲ್ ಕೂಡಿಹಾಕುವ ಹುಚ್ಚು ಅವರಿಗೆ. ಸುದ್ದಿ ಕೇಳಿ ಹುಡುಕಿಕೊಂಡು ಬಂದಿದ್ದರು. ನಾನು ಎದೆಯುಬ್ಬಿಸಿ ಗೊಂಡೆ ಅಲ್ಲಾಡಿಸಿ ತೋರಿಸಿದೆ. ಅವರು ಕಟ್ಟೆಯ ಮೇಲೆ ಕುಸಿದು ಕೂತರು. "ಏನ್ ಮಾಡಿಬಿಟ್ರಿ ಏಕಾಂತಪ್ಪನವರ! ಆ ಕರೀ ಬಣ್ಣ, ಅದರ ಮ್ಯಾಲಿನ ಬಂಗಾರದ ಗೆರಿ, ಅದಕ್ಕೇ ಅಲ್ಲೇನ್ರಿ ನಾ ಬಂದದ್ದು? ಇವತ್ತು ಇದನ್ನ ನೋಡಿ ನಗೋರ ಮಕ್ಕಳು, ಇಪ್ಪತ್ತು ವರ್ಷ ಆದಮ್ಯಾಲೆ ಇಂಥಾದ್ದಕ್ಕ ಊರೂರು ಅಲೀತಾರ!" ಸೈಕಲ್ಲಿಗೂ ಮುಪ್ಪೇ ಚೆಲುವು ಎಂದು ನನಗೆ ಯಾರು ಹೇಳಿದ್ದರು? ಎತ್ತಿನ ಸಂತೆಯಲ್ಲಂತೂ ಯಾರೂ ಹೇಳಿರಲಿಲ್ಲ.

ನಿನ್ನ ಟ್ರೇನಿಂಗ್ ಮುಗಿದ ಕೂಡಲೇ ಬಾ. ನಮ್ಮ ಮನೆಯಲ್ಲಿ ನೌಕರಿಗೆ ಹೋಗುವ ಮೊದಲ ಹೆಣ್ಣುಮಗಳು ನೀನು. ಶ್ರೀಶೈಲದ ಮಲ್ಲಯ್ಯ ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಮಾವ,
ಏಕಾಂತಪ್ಪ
(ಏಳನೇ ಕ್ಲಾಸು, ಒಂದೇ ಏಟಿಗೆ ಪಾಸು)

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಲೇಡೀಸ್ ಸೈಕಲ್ ಬಂದಿದೆ, ನಿಮ್ಮವ್ವ ಗಂಟೆ ಬಾರಿಸಿ ನೋಡಿ ಒಪ್ಪಿದ್ದಾಳೆ. ನಿಮ್ಮಪ್ಪನದನ್ನು ಮಾರಿಲ್ಲ. ರಾಯರು ಹೊರಡುವಾಗ ಬೇವಿನ ಮರಕ್ಕೆ ಒರಗಿದ್ದ ನನ್ನ ಹಳೆಯ ವಿಲಾಯಿತಿ ಸೈಕಲ್ಲಿನ ಜಿಡ್ಡನ್ನು ಉಗುರಿನಿಂದ ಕೆರೆದರು. ಒಳಗೆ ಕರೀ ಬಣ್ಣ, ಬಂಗಾರದ ಗೆರೆ, ಎಲ್ಲ ಹೊಸದು! ಇಪ್ಪತ್ತೆಂಟು ವರ್ಷ ಅದನ್ನು ತೊಳೆಯದೆ ಇಟ್ಟ ನನ್ನ ದೂರದೃಷ್ಟಿಗೆ ಅವರು ಕೈಮುಗಿದು, ಕೇಳಿದಷ್ಟು ಕೊಟ್ಟು ಒಯ್ದರು. ಈಗ ನಾನು ಓಡಾಡುವುದು ಆ ಹಸಿರಿನದರ ಮೇಲೆ. ನಿಮ್ಮಪ್ಪ ಎತ್ತರದ ಆಳು, ನನಗೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಇಳಿಯಬೇಕಾದರೆ ಯಾವುದಾದರೂ ಕಟ್ಟೆ ಸಿಗಬೇಕು. ನೀನು ಬಸ್ಸಿಳಿದಾಗ ನಾನು ಬಸ್‌ಸ್ಟ್ಯಾಂಡಿನಲ್ಲಿ ಸುತ್ತು ಹಾಕುತ್ತಲೇ ಇದ್ದರೆ ಗಾಬರಿಯಾಗಬೇಡ, ಬಂದು ಹಿಡಿದುಕೋ.